ನವೆಂಬರ್ ಪುಟ

ಹನ್ನೊಂದು ತಿಂಗಳಿಗೆ ಚಿತ್ರ ಸಿಕ್ಕಿತ್ತು,
ನವೆಂಬರ್ ಒಂದು ಬಾಕಿ.
ಅಚ್ಚುಮನೆಯ ವ್ಲಾತ್ಕೊ ಎರಡು ಸಲ ಫೋನು ಮಾಡಿದ:
'ಗೋಪುರ ಕೊಟ್ಟುಬಿಡು ತಿಹಾನಾ,
ಗೋಡೆಗೆ ತೂಗುಹಾಕುವವರಿಗೆ
ಗೊತ್ತಿರುವುದು ಕಂಡರೆ ಸಾಕು.'

ಗೊತ್ತಿರುವುದು ಈಗ ಸಾರುವೆಯೊಳಗೆ.
ನೆಲ ನಡುಗಿ ವರ್ಷಗಳಾದವು,
ಝಾಗ್ರೆಬ್ಬಿನ ಜೋಡಿ ಗೋಪುರ ಇನ್ನೂ
ಕಬ್ಬಿಣದ ಕಂಬಿಗಳ ನಡುವೆ ನಿಂತಿದೆ,
ಕೈ ಮುರಿದ ಹುಡುಗ
ಪಟ್ಟಿ ಸಮೇತ ಶಾಲೆಯ ಫೋಟೋಗೆ
ಹಲ್ಲು ಕಿರಿದು ನಿಂತ ಹಾಗೆ.
ಮೂರು ರಾತ್ರಿ ತೆಗೆದೆ ಅದನ್ನು.
ಮೂರು ರಾತ್ರಿಯೂ ಕ್ರೇನಿನ ತುದಿಯ ಕೆಂಪು ದೀಪ
ಚಂದ್ರನಿಗಿಂತ ಚೆನ್ನಾಗಿ ಬಿತ್ತು.

ಹಾಗಾಗಿ ಮೇಲಿನ ಪೇಟೆಗೆ ಹತ್ತಿದೆ.
ಹೆಗಲಿಗೆ ಮುಕ್ಕಾಲಿ,
ಕಂಕುಳಲ್ಲಿ ಒಂದು ಬ್ಯಾಟರಿ.
ಚಳಿಗೆ ಪಕ್ಕನೆ ಸಾಯುವ ಜಾತಿ ಅದು,
ಮೊಟ್ಟೆಗೆ ಕೊಟ್ಟ ಹಾಗೆ ಕಾವು ಕೊಡಬೇಕು.
ಮಳೆ ನಿಂತಿತ್ತು. ಕಲ್ಲುಹಾಸೆಲ್ಲ
ತೊಳೆದು ಬೋರಲು ಹಾಕಿದ ಬೋಗುಣಿಗಳು.

ಇಲ್ಲಿ ಇನ್ನೂ ಗ್ಯಾಸಿನ ದೀಪಗಳು,
ಹಚ್ಚಲಿಕ್ಕೆ ಇನ್ನೂ ಒಬ್ಬ ಆಳು.
ಝೆಲಿಮಿರ್ ಬಂದ, ಕೊಕ್ಕೆಯ ಕೋಲು ಹಿಡಿದು,
ಬಾಯಲ್ಲಿ ಸಿಗರೇಟು,
ಒಂದು ಮಂಡಿ ನೋವಿನದು ಎಂದು ಗೊತ್ತಾಗುವ ನಡಿಗೆ.
ಕೋಲು ಮೇಲೆತ್ತುವನು,
ಟಕ್ಕೆಂದು ಒಂದು ಸದ್ದು,
ಗಾಜಿನೊಳಗೆ ಮೊದಲು ನೀಲಿ, ಆಮೇಲೆ ತುಪ್ಪದ ಬಣ್ಣ.

ನಾನು ಕ್ಯಾಮೆರಾದ ಕಣ್ಣು ತೆರೆದಿಟ್ಟೆ.
ಒಂದು, ಎರಡು ಎಂದು ಬಾಯಲ್ಲೇ ಎಣಿಸುತ್ತ
ನೂರಿಪ್ಪತ್ತಕ್ಕೆ ಮುಚ್ಚಿದೆ.
ಬೀದಿ ಬಂತು, ಗೋಡೆ ಬಂತು,
ಬಾಗಿಲ ಹಿಡಿಕೆಯ ಹಿತ್ತಾಳೆ ಬಂತು,
ತಮ್ಮಷ್ಟಕ್ಕೆ ತಾವೇ ಹತ್ತಿಕೊಂಡ ಹಾಗೆ
ಐದು ದೀಪ ಸಾಲಾಗಿ ಬಂದವು.
ಅವನು ಬರಲಿಲ್ಲ.

ಪರದೆಗೆ ಮುಖ ತಂದು ಹುಡುಕಿದ.
'ನಾನೆಲ್ಲಿ?'
'ನಡೆಯುವವರು ಬೀಳುವುದಿಲ್ಲ ಯಜಮಾನರೇ,
ನಿಂತವರಷ್ಟೇ.'
'ಸರಿಹೋಯ್ತು,' ಎಂದ, 'ಇದೇ ಮಾತು
ನನ್ನ ಹೆಂಡತಿಯೂ ಹೇಳುತ್ತಿದ್ದಳು.
ಸಂಜೆ ಎಂಬುದು ನಮ್ಮ ಮನೆಯಲ್ಲಿ
ನಾನಿಲ್ಲದ ಹೊತ್ತಿಗೆ ಇಟ್ಟ ಹೆಸರು.'

ದೀಪದ ಬುಡ ಕತ್ತಲು ಅನ್ನುತ್ತಾರೆ.
ಆ ಕತ್ತಲಿಗೂ ಸಂಬಳವಿದೆ, ಸಮವಸ್ತ್ರವಿದೆ,
ಮಂಡಿಗೆ ಹಚ್ಚುವ ಮುಲಾಮಿನ ವಾಸನೆ ಇದೆ.

ಕೆಳಗಿನ ಪೇಟೆಯಿಂದ ಕೊನೆಯ ಟ್ರಾಮಿನ ಕಿರುಗುಟ್ಟು.
ಕುಡಿದ ಮೂವರು ವಿದ್ಯಾರ್ಥಿಗಳು
ಕ್ಯಾಮೆರಾದ ಮುಂದೆ ಕುಣಿದರು,
ಒಬ್ಬ ಅಂಗಿ ಬಿಚ್ಚಿ ಬೀಸಿದ.
ಚಿತ್ರದಲ್ಲಿ ಅವರ ಪಾಲಿಗೆ
ಗೋಡೆಯ ಮೇಲೆ ಚೂರು ಹೊಗೆ.

ಕಲ್ಲುಬಾಗಿಲಿನ ಕಮಾನಿನೊಳಗೆ
ಮೇಣದಬತ್ತಿಗಳ ಮುಂದೆ ಒಬ್ಬಾಕೆ ಮೊಣಕಾಲೂರಿದ್ದಳು.
ನೂರಿಪ್ಪತ್ತು ಎಣಿಸಿದರೂ, ಇನ್ನೂರು ಎಣಿಸಿದರೂ
ಅಲುಗುವವಳಲ್ಲ;
ಕೂದಲೆಳೆ ಕೂಡ ಬಿಡಿಬಿಡಿಯಾಗಿ ಬೀಳುತ್ತಿತ್ತು.
ನಾನು ಮುಕ್ಕಾಲಿ ಬಿಡಿಸಲಿಲ್ಲ.
ಏನು ಕೇಳಿಕೊಳ್ಳುತ್ತಿದ್ದಳೋ,
ಅಷ್ಟು ಅಲುಗದೆ ಕೇಳುವಂಥದ್ದನ್ನು
ಕ್ಯಾಲೆಂಡರಿನಲ್ಲಿ ತೂಗುಹಾಕಬಾರದು.

ಬೆಳಗಿನ ಜಾವ ಅವನು ದೀಪ ಆರಿಸುತ್ತ ವಾಪಸು ಬಂದ.
ಕೊನೆಯ ಕಂಬದ ಕೆಳಗೆ ನಿಲ್ಲಿಸಿದೆ.
ಟೋಪಿ ನೇರ ಮಾಡಿಕೊಂಡ,
ಸಿಗರೇಟು ಎಸೆದ, ಉಸಿರು ಬಿಗಿಹಿಡಿದ.
ಬಂದ, ಈ ಸಲ ಬಂದ,
ಗುಂಡಿ, ಮೀಸೆ, ಕೋಲಿನ ಗಂಟು ಎಲ್ಲ ಸಮೇತ
ಚೌಕದಲ್ಲಿ ನಿಲ್ಲಿಸಿದ ಕಂಚಿನ ಯಾರೋ ಒಬ್ಬ.
'ಇವನ್ಯಾರು?' ಎಂದು ಅವನೇ ನಕ್ಕ.

ಮನೆಗೆ ಹೋಗಿ ಮೊದಲಿನದನ್ನು ದೊಡ್ಡದು ಮಾಡಿ ನೋಡಿದೆ.
ಖಾಲಿ ಬೀದಿಯಲ್ಲಿ
ಬಾಯಿಯ ಎತ್ತರಕ್ಕೆ ಒಂದು ಕೆಂಪು ಎಳೆ,
ಹೆಜ್ಜೆ ಬಿಟ್ಟು ಹೆಜ್ಜೆಗೆ ತಗ್ಗಿ,
ಕಂಬದ ಬಳಿ ಬಂದಾಗಲೆಲ್ಲ ಚೂರು ಮೇಲೆದ್ದು,
ಐದೂ ದೀಪಗಳನ್ನು ಹೊಲಿದುಕೊಂಡು ಹೋಗಿತ್ತು.

ಅದನ್ನೇ ಕಳಿಸಿದೆ.
ಮಧ್ಯಾಹ್ನ ವ್ಲಾತ್ಕೊನ ಫೋನು:
'ಚೆನ್ನಾಗಿದೆ. ಆದರೆ ನಡುವೆ
ಏನೋ ಗೀರು ಬಿದ್ದಿದೆಯಲ್ಲ, ಒರೆಸಿಬಿಡಲಾ?'

ಬೇಡ, ಅಂದೆ.
ಅದು ಕುಂಟುತ್ತದೆ, ನೋಡು ಸರಿಯಾಗಿ.