ಚೆಕ್‌ರೋಲು

ಗೋಣಿಕೊಪ್ಪದ ಡಾಕ್ಟರಮ್ಮ ಚೀಟಿಯಲ್ಲಿ ಬರೆದದ್ದು ಆರೇ ಸಾಲು.
ಅನ್ನ ಒಂದು ಸೌಟು. ಸಕ್ಕರೆ, ಬೆಲ್ಲ ಬೇಡ.
ಹಂದಿ ತಿಂಗಳಿಗೊಮ್ಮೆ, ಅದೂ ಕೊಬ್ಬು ತೆಗೆದು.
ಕೊಬ್ಬು ತೆಗೆದರೆ ಅದರಲ್ಲಿ ಉಳಿಯುವುದೇನು
ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ.
ಉಳಿದ ಸಾಲುಗಳ ಅಕ್ಷರ ತಿಳಿಯಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಅಮ್ಮತ್ತಿಯ ಈ ತೋಟಕ್ಕೆ ರೈಟರು ನಾನು.
ಲೆಕ್ಕವಿಲ್ಲದೆ ನನ್ನ ಕೈಲಿ ಯಾವುದೂ ನಡೆಯುವುದಿಲ್ಲ.
ಹಳೆಯ ಚೆಕ್‌ರೋಲಿನ ಕೊನೆಗೆ ಒಂದು ಖಾಲಿ ಹಾಳೆ ಸಿಕ್ಕಿತು.
ಹೆಸರಿನ ಕಲಮಿನಲ್ಲಿ ಬರೆದೆ: ಪೂಣಚ್ಚ.
ಕೆಲಸ ಎಂಬಲ್ಲಿ: ಬಾಯಿ ಕಟ್ಟುವುದು.
ಪಥ್ಯ ನಡೆದ ದಿನಕ್ಕೆ ಒಂದು ಗೀಟು.

ಹನ್ನೆರಡು ಗೀಟು ಬಿತ್ತು.
ಬೆಳಿಗ್ಗೆ ಒಂದೇ ಅಕ್ಕಿ ರೊಟ್ಟಿ, ಅರ್ಧ ಸೌತೆಕಾಯಿ,
ಬೆಲ್ಲವಿಲ್ಲದ ಕರಿ ಕಾಫಿ.
ಹುಟ್ಟಿದಾಗಿನಿಂದ ಕಾಫಿ ಗಿಡದ ಕೆಳಗೇ ಇದ್ದವನು
ಅದರ ರುಚಿ ಏನೆಂದು ಈಗ ತಿಳಿದೆ. ಕಹಿ.
ಬೆಲ್ಟಿಗೆ ಹೊಸ ತೂತು ಬೇಕಾದೀತೆಂದು
ಮೊಳೆ, ಸುತ್ತಿಗೆ ಕಿಟಕಿಯ ಮೇಲೆ ತಂದಿಟ್ಟುಕೊಂಡೆ.
ಅದು ಸ್ವಲ್ಪ ಅವಸರವಾಯಿತು.

ಹದಿಮೂರನೆಯ ರಾತ್ರಿ ಪುತ್ತರಿ.

ಗದ್ದೆಯಲ್ಲಿ ಕೋವಿ ಸಿಡಿಯಿತು, ಕದಿರು ಕೊಯ್ದೆವು,
'ಪೊಲಿ ಪೊಲಿಯೇ ದೇವಾ' ಎನ್ನುತ್ತ ಬೆಳದಿಂಗಳಲ್ಲಿ ಮನೆಯ ಏರು ಹತ್ತಿದೆವು.
ಹೆಚ್ಚಲಿ ದೇವರೇ, ಹೆಚ್ಚಲಿ.
ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ.
ದೇವರಿಗೆ ಕೇಳಿಸಿತು.

ಮೊದಲ ತಂಬಿಟ್ಟು ಶಾಸ್ತ್ರಕ್ಕೆ.
ಎರಡನೆಯದು, ಬೊಳ್ಳವ್ವ ಚಿಕ್ಕಮ್ಮ ನೋಡುತ್ತಿದ್ದಳು ಎಂದು.
ಮೂರನೆಯದಕ್ಕೆ ಕಾರಣ ಹುಡುಕುವಷ್ಟರಲ್ಲಿ ಅದು ಬಾಳೆಲೆಯಲ್ಲಿರಲಿಲ್ಲ.
ಆಮೇಲೆ ಗೆಣಸು.
ಆಮೇಲೆ ಹೇಗೂ ಕೆಟ್ಟಿತಲ್ಲ ಎಂದು ಪಾಯಸ.
ಆಮೇಲೆ, ಎಲ್ಲರೂ ಮಲಗಿದ ಮೇಲೆ,
ಅಡಿಗೆಮನೆಯ ಕತ್ತಲಲ್ಲಿ ನಿಂತುಕೊಂಡೇ
ಪಾತ್ರೆಯ ಅಂಚನ್ನು ಬೆರಳಿಂದ ಸವರಿ ಸವರಿ...
ಅದು ಹಬ್ಬವಲ್ಲ.
ಅದರ ಹೆಸರು ನನಗೆ ಗೊತ್ತು, ಬರೆಯುವುದಿಲ್ಲ.

ಬೆಳಿಗ್ಗೆ ಹುಳಿ ತೇಗುತ್ತ ಆಫೀಸಿಗೆ ಬಂದು
ಹನ್ನೆರಡೂ ಗೀಟುಗಳ ಮೇಲೆ ಅಡ್ಡಗೆರೆ ಎಳೆಯಲು ಸ್ಕೇಲು ಇಟ್ಟೆ.
ಇನ್ನು ಕೊಯ್ಲು ಮುಗಿಯಲಿ, ಆಮೇಲೆ ನೋಡುವಾ,
ಇಲ್ಲದಿದ್ದರೆ ಮುಂದಿನ ಜನ್ಮಕ್ಕೆ.

ಅಷ್ಟರಲ್ಲಿ ಕಿಟಕಿಯಲ್ಲಿ ಮುತ್ತೆ.
'ರೈಟರೇ, ಮೊನ್ನೆ ನಾನು ಬರಲಿಲ್ಲ. ಬರೆದ್ರಾ?'
ಬರೆದಿದ್ದೆ. ಗೈರು, ಒಂದು ದಿನ.
'ಅದರ ಮುಂಚಿನದ್ದು ಹಾಗೇ ಉಂಟಲ್ಲ?'
'ಉಂಟು ಮಾರಾಯ್ತಿ! ಬಂದ ದಿನ ಬಂದದ್ದೇ,
ಅದು ಎಲ್ಲಿಗೆ ಹೋಗ್ತದೆ?'
ಎಂದು ರೇಗಿದವನಿಗೆ
ಸ್ಕೇಲಿನ ಮೇಲಿದ್ದ ತನ್ನದೇ ಕೈ ಕಂಡಿತು.

ಇಪ್ಪತ್ತೆರಡು ವರ್ಷದಲ್ಲಿ ಒಂದು ಗೈರಿಗೆ
ಯಾರ ತಿಂಗಳನ್ನೂ ನಾನು ಹೊಡೆದು ಹಾಕಿದವನಲ್ಲ.
ಅಂಥ ರೈಟರನ್ನು ಆಳುಗಳು
ಸಿಲ್ವರ್ ಮರಕ್ಕೆ ಕಟ್ಟಿ ಹಾಕಿ ಮನೆಗೆ ಹೋದಾರು,
ಸರಿಯಾಗಿಯೇ.

ಸ್ಕೇಲು ತೆಗೆದೆ.
ಹದಿಮೂರರ ಚೌಕದಲ್ಲಿ ಚಿಕ್ಕದಾಗಿ 'ಗೈ' ಎಂದು ಬರೆದೆ.
ಕಾರಣ ಎಂಬ ಕಲಮು ನಮ್ಮ ಚೆಕ್‌ರೋಲಿನಲ್ಲಿ ಇಲ್ಲ,
ಅದನ್ನು ಮಾಡಿದವನಿಗೆ ನಮಸ್ಕಾರ.

ಮಧ್ಯಾಹ್ನ ಡಬ್ಬಿ ತೆರೆದರೆ
ಇಂದಿರೆ ಉಳಿದ ತಂಬಿಟ್ಟನ್ನೇ ಕಳಿಸಿದ್ದಾಳೆ,
ಮೇಲೆ ಎಳ್ಳು, ತೆಂಗಿನ ತುರಿ.
ಸ್ವಲ್ಪ ಹೊತ್ತು ಅದನ್ನು ನೋಡಿದೆ. ಅದೂ ನನ್ನನ್ನು ನೋಡಿತು.
ಮುತ್ತೆಯನ್ನು ಕರೆದು ಕೊಟ್ಟೆ.
ಅವಳು ಮೆಟ್ಟಿಲ ಮೇಲೆ ಕೂತು ನಿಧಾನಕ್ಕೆ ತಿಂದಳು.
'ನಿಮಗೆ?'
'ನನ್ನದು ಆಯಿತು.'
'ಮುಖ ನೋಡಿದರೆ ಹಾಗೆ ಕಾಣುವುದಿಲ್ಲ.'

ಎದ್ದು ಬ್ಲಾಕಿನ ಕಡೆಗೆ ನಡೆದೆ.
ಹಣ್ಣು ತುಂಬಿದ ರೆಕ್ಕೆಗಳು ಶರ್ಟಿಗೆ ತಾಗಿದವು.
ಹೊಟ್ಟೆ ಇನ್ನೂ ನಿನ್ನೆಯದೇ.
ಹದಿನಾಲ್ಕರ ಚೌಕ ಖಾಲಿ ಉಂಟು,
ರಾತ್ರಿ ಊಟಕ್ಕೆ ಕೂತು
ಎರಡನೆಯ ಸೌಟು ಬರುವಾಗ ಕೈ ಅಡ್ಡ ಹಿಡಿದರೆ
ಒಂದು ಗೀಟು.