ಹದಿನಾರು ಸುತ್ತು

ನನ್ನ ಗಂಡ ಅಸಲ್ಫಾ ಗುಡ್ಡಕ್ಕೆ ನೀರು ಬಿಡುವವನು.
ಬೆಳಗಿನ ನಾಲ್ಕೂ ಹತ್ತಕ್ಕೆ ಖಾಕಿ ತೊಟ್ಟು,
ಎದೆಮಟ್ಟದ ಕಬ್ಬಿಣದ ಚಾವಿಯನ್ನು
ಮಗುವಿನ ಹಾಗೆ ಹೆಗಲಿಗೆ ಹಾಕಿ ಹೊರಡುತ್ತಾನೆ.
ರಸ್ತೆಯ ಮುಚ್ಚಳ ಎತ್ತಿ, ಕತ್ತಲಿಗೆ ಚಾವಿ ಇಳಿಸಿ
ಹದಿನಾರು ಸುತ್ತು.
ಒಂದೊಂದು ಸುತ್ತಿಗೂ ನಿಂತು, ಕಿವಿಗೊಟ್ಟು.

"ಜೋರು ನೀರಿಗಷ್ಟ ಪೈಪು ಒಡಿಯೂದಿಲ್ಲ ನೀಲಾ,
ಜೋರು ಅದಕ್ಕ ರೂಢಿ ಐತಿ.
ಒಮ್ಮಿಗೇ ಬಿಟ್ಟು ಒಮ್ಮಿಗೇ ಕಟ್ಟಿದರ ನೋಡು,
ನೂರು ವರ್ಷದ ಬೀಡು ಕಬ್ಬಿಣನೂ ಸೀಳತೈತಿ."
ಮದುವೆಯಾದ ವರ್ಷವೇ ಹೇಳಿದ್ದ.
ನಾನು ಎಸರು ಕುದಿಯುವುದನ್ನು ನೋಡುತ್ತಾ
ಹೂಂ ಅಂದಿದ್ದೆ.

ಮಗಳ ಭೂಗೋಳದ ಹಳೇ ವಹಿಯ ಹಿಂಬದಿಯಲ್ಲಿ
ಬರೆದಿಟ್ಟಿದ್ದೇನೆ:
ಸೋಮವಾರ ನೂರಾ ಎಪ್ಪತ್ತೆಂಟು.
ಬುಧವಾರ ನೂರಾ ಹದಿನಾರು.
ಶುಕ್ರವಾರ ಬೆಳಿಗ್ಗೆ ನೂರಾ ಮೂವತ್ತು,
ಅದೇ ರಾತ್ರಿ ನೂರಾ ತೊಂಬತ್ತಾರು
(ಮೇಲಿನ ಗಲ್ಲಿಯವರು ಮನೆತನಕ ಬಂದು ಬೈದುಹೋಗಿದ್ದರು).
ಭಾನುವಾರ ಖಾಲಿ.
ಯಂತ್ರದ ಸೆಲ್ಲು ಟಿವಿಯ ರಿಮೋಟಿಗೆ ಹೋಗಿತ್ತು.

ಗುಳಿಗೆಗೆ ಅವನದೇ ಲೆಕ್ಕ.
ತಲೆ ಭಾರವಾದರೆ ಎರಡು, ಹಗುರಾದರೆ ಸೊನ್ನೆ,
ಡೊಂಬಿವಲಿಗೆ ಅಕ್ಕನ ಮನೆಗೆ ಹೋದರೆ ಮರೆವು.
"ನೂರಾ ಹದಿನಾರು ಬಂತಲ್ಲ, ಗುಣ ಆತು" ಅಂದು
ಸಾಲ ತೀರಿಸಿದವನಂತೆ ಚಾಪೆಯ ಮೇಲೆ ಕಾಲು ಚಾಚಿದ್ದ.

ಆ ಮಂಗಳವಾರ ಒಂಬತ್ತನೆಯ ಸುತ್ತಿಗೆ
ಎಡಗೈ ಇಲ್ಲವಾಯಿತು.
ಇತ್ತು, ಭುಜಕ್ಕೆ ಜೋತುಕೊಂಡೇ ಇತ್ತು,
ಅವನದಾಗಿರಲಿಲ್ಲ.
ಚಾವಿ ಮಾತ್ರ ಗುಂಡಿಯಲ್ಲಿ ನೆಟ್ಟಗೆ.
ಮೇಲಿನ ಚಾಳಿನ ಹೆಂಗಸರು ಪಾಣಿ, ಪಾಣಿ ಎಂದು ಕೂಗಿದರು.
ನೀರು ಎನ್ನಲು ಹೋದ.
ನೀ ಬಂತು. ರು ಬರಲಿಲ್ಲ.
ಮರಾಠಿಯಲ್ಲೂ ಹುಡುಕಿದನಂತೆ, ಹಿಂದಿಯಲ್ಲೂ.
ಮೂರು ಭಾಷೆಗೆ ಮೂರು ನಳ,
ಮೂರರಲ್ಲೂ ಉಸ್ಸೆಂದು ಬರೀ ಗಾಳಿ.

ಹತ್ತು ನಿಮಿಷ.
ಆಮೇಲೆ ಕೈ ಬಂತು, ಮಾತು ಬಂತು.
ಉಳಿದ ಏಳು ಸುತ್ತು ಮುಗಿಸಿ
ನಾಲ್ಕು ಪಾವು ಕಟ್ಟಿಸಿಕೊಂಡು ಮನೆಗೆ ಬಂದು
ಚಹಾದಲ್ಲಿ ಅದ್ದಿ ತಿಂದ.
ಏನೂ ಹೇಳಲಿಲ್ಲ.

ಹೇಳಿದವಳು ಸಖೂಬಾಯಿ,
ರಾಜಾವಾಡಿ ಆಸ್ಪತ್ರೆಯ ಆಯಾ.
ಕೊಡ ಹಿಡಿದು ಸಾಲಿನಲ್ಲಿ ನಿಂತವಳು
ಅವನ ಬಾಯಿ ಒಂದು ಬದಿಗೆ ಜಾರಿದ್ದನ್ನು ಕಂಡಿದ್ದಳು.
ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲಿ ನಿಂತು
"ಈಗಲೇ ನಡೆಯಿರಿ" ಅಂದಳು.
"ಸರಿಹೋಯಿತು ಅಂದವರನ್ನೇ ಮೂರನೆಯ ದಿನ
ಸ್ಟ್ರೆಚರಿನಲ್ಲಿ ನೂಕುವವಳು ನಾನು."

ಡಾಕ್ಟರು ನಮ್ಮ ಮಗಳಿಗಿಂತ ಎರಡು ವರ್ಷ ದೊಡ್ಡವಳಿರಬೇಕು.
ಹೆಸರು ಹೇಳು ಕಾಕಾ ಅಂದಳು.
ಸಾಯಬಣ್ಣ ಗುರುಪಾದಪ್ಪ ಹಂದಿಗನೂರ,
ಅಕ್ಷರ ಅಕ್ಷರ ಮುಟ್ಟಿ ನೋಡಿಕೊಂಡು ಹೇಳಿದ.
ನನ್ನ ವಹಿ ತಿರುವಿ, ಅಂಕಿಯನ್ನಲ್ಲ,
ಅಂಕಿ ಅಂಕಿಯ ನಡುವಿನ ಜಾಗ ಬೆರಳಿಂದ ತೋರಿಸಿದಳು.
"ಏರಿದ್ದು ಒಂದು ಅಪಾಯ. ಹೀಗೆ ಹಾರಿ ಬೀಳೋದು ಇನ್ನೊಂದು.
ಒಳಗಿನ ನಾಳ ಎಷ್ಟು ಅಂತ ತಡೆದೀತು?"

ಅವನು ತಲೆಯೆತ್ತಿದ.
ತನ್ನದೇ ಖಾತೆಯ ಮೇಲಧಿಕಾರಿ ಸಿಕ್ಕಂತೆ ನೆಟ್ಟಗೆ ಕೂತು
"ಎಷ್ಟು ಸುತ್ತು ಬಾಯಿ?" ಎಂದು ಕೇಳಿದ.
ಅವಳು ನನ್ನ ಮುಖ ನೋಡಿದಳು.
ನಾನು ಸೆರಗಿನ ಅಂಚು ನೋಡಿಕೊಂಡೆ.

ಈಗ ಚಾವಿ ತಿರುಗಿಸುವುದು ಹೊಸ ಹುಡುಗ.
ಇವನು ಪಕ್ಕದಲ್ಲಿ ಎಣ್ಣೆ ಡಬ್ಬಿಯ ಮೇಲೆ ಕೂತು
ಸಾವಕಾಶ, ಸಾವಕಾಶ ಎಂದು ಅವನ ಜೀವ ತಿನ್ನುತ್ತಾನೆ.
ಗುಳಿಗೆ ದಿನಾ ಅದೇ ಹೊತ್ತಿಗೆ.
ತಲೆ ಭಾರವೋ ಹಗುರವೋ, ನಾನು ಕೇಳುವುದಿಲ್ಲ.

ನೆಲದಡಿ ಸೋರುವ ಪೈಪು ಹುಡುಕುವಾಗ
ಸಲಾಕೆ ಊರಿ, ಅದರ ತುದಿಗೆ ಕಿವಿಯಿಡುವುದು ಅವನ ಕ್ರಮ.
ನಿನ್ನೆ ರಾತ್ರಿ ಅವನ ಕತ್ತಿನ ಬದಿಗೆ
ನಾನೂ ಕಿವಿಯಿಟ್ಟೆ.
"ಲೀಕ್ ಐತೇನ?" ಅಂದ, ಕಣ್ಣು ತೆರೆಯದೆ.
"ಸುಮ್ಮನಿರು," ಅಂದೆ, "ಎಣಸಾಕತ್ತೀನಿ."