ಬೆಲೆಯ ಕಾಲಂ

ಕೋಟು ತೆಗೆಯಬೇಡ, ಬ್ರಿಟಾ. ಹೀಟರು ಈಗಷ್ಟೇ ಹಾಕಿದ್ದು.
ಈ ನೆಲಮಾಳಿಗೆ ಬೆಚ್ಚಗಾಗುವ ಹೊತ್ತಿಗೆ
ಅರ್ಧ ಕೆಲಸ ನಿನಗೆ ಬಂದಿರುತ್ತದೆ.

ಇದು ಕಿರ್ದಿ. ಇದು ಖಾತೆ. ಇದು ಪೆಟ್ಟಿಗೆಯ ಕೀಲಿ,
ಎಡಕ್ಕೆ ತಿರುಗಿಸಿ ಒಂದು ಚೂರು ಮೇಲೆತ್ತಬೇಕು.
ಮೂವತ್ತೊಂದು ವರ್ಷದ ಹಿಂದೆಯೇ ರಿಪೇರಿಗೆ ಠರಾವಾಗಿದೆ,
ದುಡ್ಡಾಗಿಲ್ಲ.

ಎಣಿಸುವಾಗ ಇಬ್ಬರು. ಯಾವಾಗಲೂ ಇಬ್ಬರು.
ಗಂಡ ಹೆಂಡತಿಯಾದರೆ ಅದು ಒಬ್ಬರೇ ಲೆಕ್ಕ.
ನಂಬಿಕೆ ಇಲ್ಲ ಅಂತಲ್ಲ;
ನಂಬಿಕೆಯದ್ದು ಮಹಡಿಯ ಮೇಲೆ, ಗಾಜಿನ ಕಿಟಕಿಯ ಹತ್ತಿರ.
ಇಲ್ಲಿ ಚಿಲ್ಲರೆ.

ಪಾಸ್ಟರ್ ಕಾರ್ಸ್ಟನ್ ವಿಷಯ ಸ್ವಲ್ಪ ನಾಜೂಕು.
ಕಾನೂನಿನ ಕಣ್ಣಿಗೆ ಆತ ಎರಡು ದೋಣಿಯ ಮನುಷ್ಯ:
ವರಮಾನ ತೆರಿಗೆಗೆ ನಮ್ಮ ನೌಕರ,
ಮುಪ್ಪಿನ ಭದ್ರತೆಯ ತೆರಿಗೆಗೆ ತನಗೆ ತಾನೇ ಧಣಿ.
ಎರಡೂ ಪಾಲು ಕೈಯಿಂದಲೇ ಕಟ್ಟಬೇಕು.
ಮೊದಲ ಏಪ್ರಿಲ್‌ನಲ್ಲಿ, ನೀನು ಕೂತ ಕುರ್ಚಿಯಲ್ಲೇ ಕೂತು
'ಹಾಗಾದರೆ ನಾನು ಯಾರ ಆಳು, ಆರ್ಡಿಸ್?' ಅಂದರು.
ಕಾಫಿ ಬಗ್ಗಿಸಿ ಕೊಟ್ಟೆ.
ಆ ಪ್ರಶ್ನೆಗೆ ಫಾರಂ ಇರಲಿಲ್ಲ.

ಅವರ ಮನೆ ಭತ್ಯೆಯ ಠರಾವು
ಡಿಸೆಂಬರ್ ಮುಗಿಯುವುದರೊಳಗೆ ನಡಾವಳಿಯಲ್ಲಿ ಏರಬೇಕು.
ಕಳೆದುಹೋದ ತಿಂಗಳಿಗೆ ಸೂರು ಹೊದಿಸಲಾಗುವುದಿಲ್ಲ.
ಒಂದು ಸಲ ತಡವಾಯಿತು. 'ಹಿಂದಿನ ತಾರೀಕು ಹಾಕು,
ಯಾರು ನೋಡುತ್ತಾರೆ?' ಅಂದ ಮಾರ್ವಿನ್,
ಶಿಲುಬೆಯ ಕೆಳಗೆ ಕೂತು!

ಛಾವಣಿಗೆ ಅಂತ ಬಂದದ್ದು ಛಾವಣಿಗೇ,
ಪಿಯಾನೋ ಎಷ್ಟೇ ಗೊಗ್ಗರು ದನಿ ತೆಗೆಯಲಿ.

ಇನ್ನು ಈ ಲಕೋಟೆ. ನಲವತ್ತೊಂದನೇ ನಂಬರು.
ಹೋದ ವರ್ಷದ ಅಡ್ವೆಂಟು, ಎರಡನೇ ಭಾನುವಾರ,
ಹೊರಗೆ ಸೊನ್ನೆಯ ಕೆಳಗೆ ಇಪ್ಪತ್ತಾರು.
ಹರಿದರೆ ನೋಟಿಲ್ಲ, ಚೆಕ್ಕಿಲ್ಲ, ಒಂದು ಉಂಗುರ.
ಲಾಯ್ಡ್ ಗೊತ್ತಲ್ಲ, ಶಾಲೆಯ ಬಸ್ಸು ಓಡಿಸುತ್ತಿದ್ದ,
ಅವನ ಹೆಂಡತಿ ವರ್ನಾಳದು.
ಬೆರಳು ಊದಿಕೊಂಡು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದದ್ದು;
ಒಡೆದ ಬಳೆಯ ಹಾಗೆ ಬಾಯಿ ಬಿಟ್ಟಿತ್ತು.

ಮಾರ್ವಿನ್ ಅಂಗೈಯಲ್ಲಿಟ್ಟು ತೂಗಿ ನೋಡಿದ.
'ಮೈನಾಟ್‌ನ ಅಕ್ಕಸಾಲಿಗೆ ಫೋನು ಮಾಡಿದರೆ ಹೇಳುತ್ತಾನೆ.'
ಬೇಡ ಅಂದೆ. ನಿಯಮ ಇದೆ, ನೀನೂ ನೆನಪಿಟ್ಟುಕೋ:
ವಸ್ತು ಬಂದರೆ ವಸ್ತುವಿನ ವಿವರ ಬರಿ.
ಬೆಲೆ ಕಟ್ಟುವುದು ಚರ್ಚಿನ ಕೆಲಸವಲ್ಲ.
ಹಾಗಾಗಿ ಬರೆದೆ:
'ಚಿನ್ನದ ಉಂಗುರ, ಒಂದು. ತುಂಡಾದದ್ದು.'
ಬೆಲೆಯ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ.

ಕೆಳಗೆ ರಸೀತಿಯ ಮಾಮೂಲು ಸಾಲು ಬರಬೇಕು:
ಈ ಕಾಣಿಕೆಗೆ ಪ್ರತಿಯಾಗಿ
ಯಾವ ಸರಕನ್ನೂ ಸೇವೆಯನ್ನೂ ಕೊಟ್ಟಿರುವುದಿಲ್ಲ,
ಕಣ್ಣಿಗೆ ಕಾಣದ ಧಾರ್ಮಿಕ ಪ್ರಯೋಜನದ ಹೊರತು.
ಸಾವಿರಾರು ಸಲ ಟೈಪು ಮಾಡಿದ ಕೈ
ಅವತ್ತು 'ಹೊರತು' ಅನ್ನುವಲ್ಲಿ ನಿಂತಿತು.
ಏನು ಕೊಟ್ಟಿದ್ದೆವು ನಾವು ಲಾಯ್ಡ್‌ಗೆ?
ಒಂದು ಮದುವೆ. ಹಾಟ್‌ಡಿಷ್ ಮೂರು ತಟ್ಟೆ, ಅಂತ್ಯಕ್ರಿಯೆಯ ವಾರ.
ಅದರಲ್ಲೊಂದು ನನ್ನದು, ಉಪ್ಪು ಜಾಸ್ತಿಯಾಗಿತ್ತು.

ಅಂಚೆಗೆ ಹಾಕಲಿಲ್ಲ. ನಾನೇ ಒಯ್ದು ಕೊಟ್ಟೆ.
ಬಾಗಿಲಲ್ಲೇ ನಿಂತು ಎರಡು ಸಲ ಓದಿದ.
'ಇದನ್ನು ಎಲ್ಲಿಡಲಿ?'
ತೆರಿಗೆ ಕಾಗದಗಳ ಜೊತೆ, ಏಳು ವರ್ಷ, ಅಂದೆ.
'ಆಮೇಲೆ?'

ಹಿಮ ಕೆರೆಯುವ ಟ್ರಕ್ಕು ರಸ್ತೆಯಲ್ಲಿ ಹಾದುಹೋಯಿತು.
ನಾನು ಕೈಗವಸು ಹಾಕಿಕೊಂಡೆ.

ಇಗೋ, ಉಂಗುರ ಇನ್ನೂ ಪೆಟ್ಟಿಗೆಯಲ್ಲೇ ಇದೆ.
ಮಾರಬೇಕು, ಅದಕ್ಕೆ ಸಭೆಯ ಒಪ್ಪಿಗೆ ಬೇಕು.
ನಾಲ್ಕು ಸಭೆಯಾಯಿತು, ನಾಲ್ಕರಲ್ಲೂ ನಾನು ಮರೆತೆ.
ಫೆಬ್ರವರಿಯಲ್ಲಿ ನೀನೇ ವಿಷಯ ಎತ್ತು.
'ಹಿಂದಿನ ಖಜಾಂಚಿ ಮರೆತಿದ್ದರು' ಅಂತಲೇ ಬರೆದುಕೋ,
ಮೂವತ್ತೊಂದು ವರ್ಷದಲ್ಲಿ
ಈ ಪುಸ್ತಕದೊಳಗೆ
ಒಂದು ಸುಳ್ಳು ನಡೆಯುತ್ತದೆ.

ಈಗ ಕೋಟು ತೆಗಿ.